ಮಾರಿಟ್‌ಗೆ ಸಿಕ್ಕ ಮುಚ್ಚಳ

ಆ ದಿನ ಮಂಜು ಕವಿದಿತ್ತು. ದ್ರಾಕ್ಷಿ ಕೊಯ್ಲು ಮುಗಿದು ತೋಟದ ಎಲೆಗಳು ಹಳದಿಗೆ ತಿರುಗಿದ್ದವು. ನಮ್ಮ ಅಡುಗೆಮನೆಯ ಕಿಟಕಿಯಿಂದ ದಿನವೂ ಕಾಣುವ ಗುಡ್ಡ ಅವತ್ತು ಪೂರ್ತಿ ಅಳಿಸಿಹೋಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಇಳಕಲ್ಲಿನಿಂದ ಜರ್ಮನಿಗೆ ತಂದ ಜೋಳದ ಹಿಟ್ಟು ತಳ ಕಂಡಿತ್ತು. ನಮ್ಮವರು, ಬಸವರಾಜ, ಬಾಗಿಲಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಿಕೊಳ್ಳುತ್ತ ಬುತ್ತಿಗಾಗಿ ಕಾಯುತ್ತಿದ್ದರು.

"ಬದನಿಕಾಯಿ ಹಾಕೀ ಏನು?"

"ಹಾಕೀನ್ರಿ. ಮತ್ತ ಎಣ್ಣಿ ಸೋರತೈತಿ ನೋಡ್ರಿ. ಆ ಡಬ್ಬಿ ಮುಚ್ಚಳ ಸಡ್ಲ ಆಗೈತಿ, ಬ್ಯಾರೇದು ತಗೋಳ್ರಿ ಅಂತ ಎಷ್ಟ ಸಲ ಹೇಳ್ಲಿ?"

"ಅವ್ವ ಕೊಟ್ಟ ಡಬ್ಬಿ ಅದು. ನಾ ರಿಟೈರ್ ಆಗೂತನಕ ಅದ ಇರತೈತಿ."

"ಅಷ್ಟರಾಗ ನಿಮ್ಮ ಬ್ಯಾಗ್ ಎಣ್ಣಿ ಗಾಣ ಆಗಿರತೈತಿ."

ಶಾಲೆಗೆ ಹೊರಟಿದ್ದ ಮಗಳು ಸಹನಾ ಜರ್ಮನ್‌ನಲ್ಲಿ ಏನೋ ಹೇಳಿ ನಕ್ಕಳು. ಪಪ್ಪಾನ ಆಫೀಸಿನ ಲಿಫ್ಟಿನಲ್ಲೂ ಬದನೆಕಾಯಿ ವಾಸನೆ ಬರುತ್ತದಂತೆ. ಅವರೂ ನಕ್ಕರು. ಮುಚ್ಚಳ ಒತ್ತಿ, ಬೆರಳ ಗೆಣ್ಣಿನಿಂದ ಅದರ ಮೇಲೆ ಎರಡು ಸಲ ಟಕ್ ಟಕ್ ಎಂದು ಬಡಿದರು. ಅದು ಅವರ ರೂಢಿ. ಮುಚ್ಚಳ ಬಿಗಿಯಾಯಿತೋ ಇಲ್ಲವೋ ನೋಡುವುದಕ್ಕೆ ಬಡಿಯುತ್ತಿದ್ದರೋ, ಸುಮ್ಮನೆ ಬಡಿಯುತ್ತಿದ್ದರೋ, ನಾನು ಯಾವತ್ತೂ ಕೇಳಲಿಲ್ಲ.

ಡಬ್ಬಿ ನಮ್ಮ ಮದುವೆಯಲ್ಲಿ ಅತ್ತೆ ಕೊಟ್ಟಿದ್ದು, ಸ್ಟೀಲಿನದು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸಿಯೇ ಕೊಡುವುದು. ಪಾತ್ರೆ ಅಂಗಡಿಯವನು ಮಷಿನ್ನು ಹಿಡಿದು ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಬಸವರಾಜ ಮ. ಹೊಸೂರ, ಇಳಕಲ್ಲ' ಎಂದು ಕೊರೆದಿದ್ದ. ಡಬ್ಬಿಯ ಮೈಮೇಲೆ ಏನೂ ಇರಲಿಲ್ಲ. ಹೆಸರು ಇದ್ದದ್ದು ಮುಚ್ಚಳದ ಮೇಲೆ ಮಾತ್ರ.

ಅವರು ಮೆಟ್ಟಿಲಿಳಿದು ಹೋದರು. ನಮ್ಮ ಬಾಗಿಲ ಹಿಡಿಕೆಗೆ ಆ ವಾರ ಕೇರ್‌ವೊಖೆಯ ಹಲಗೆ ನೇತುಬಿದ್ದಿತ್ತು. ಈ ಸೀಮೆಯಲ್ಲಿ ಮೆಟ್ಟಿಲು ಗುಡಿಸುವ ಪಾಳಿ ಮನೆಯಿಂದ ಮನೆಗೆ ತಿರುಗುತ್ತದೆ. ಹಲಗೆ ಯಾರ ಬಾಗಿಲಿಗಿದೆಯೋ ಆ ವಾರ ಅವರು ಗುಡಿಸಬೇಕು. ನಮ್ಮದು ಎರಡೇ ಮನೆಯ ಕಟ್ಟಡ. ಮೇಲೆ ನಾವು, ಕೆಳಗೆ ಮಾರಿಟ್. ರೊಟ್ಟಿ ಮುಗಿಸಿ ಗುಡಿಸೋಣ ಎಂದುಕೊಂಡೆ. ನಾನು ಅಂದುಕೊಂಡ ಕೊನೆಯ ಸಾಮಾನ್ಯ ವಿಚಾರ ಅದೇ.

ಹತ್ತಿರದ ಅಬ್‌ಸ್ಟಾಟ್ ಊರಿನಲ್ಲಿದ್ದ ಆಫೀಸಿಗೆ ಅವರು ತೋಟಗಳ ನಡುವಿನ ದಾರಿ ಹಿಡಿದು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಆ ದಾರಿ ಒಂದು ಕಡೆ ಮಾತ್ರ ದೊಡ್ಡ ರಸ್ತೆಯನ್ನು ದಾಟುತ್ತದೆ. ಅಲ್ಲಿ ಒಂದು ಕಾರು ಅವರನ್ನು ಹೊಡೆದು, ನಿಲ್ಲದೆ ಹೋಯಿತು. ಟ್ರ್ಯಾಕ್ಟರಿನಲ್ಲಿ ತೋಟಕ್ಕೆ ಬಂದ ರೈತನೊಬ್ಬ ನೋಡುವ ಹೊತ್ತಿಗೆ ಜೀವ ಇರಲಿಲ್ಲ. ಬಸವರಾಜರ ಕೆಲಸ ಕಾರಿನ ಬ್ರೇಕುಗಳನ್ನು ಪರೀಕ್ಷೆ ಮಾಡುವುದು. ಮಳೆಯಲ್ಲಿ, ಮಂಜುಗಡ್ಡೆಯ ಮೇಲೆ ಗಾಡಿ ಹೇಗೆ ನಿಲ್ಲಬೇಕು ಎಂದು ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಆ ಕಾರಿನಲ್ಲೂ ಒಳ್ಳೆಯ ಬ್ರೇಕೇ ಇದ್ದಿರಬೇಕು. ಅದನ್ನು ತುಳಿಯುವ ಮನಸ್ಸು ಒಳಗೆ ಕುಳಿತವರಿಗೆ ಇರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಹೋದ ವಾರದ ಪತ್ರಿಕೆ. ಮಾರಿಟ್ ತೀರಿಕೊಂಡ ಸುದ್ದಿ ಅದರಲ್ಲಿತ್ತು. ಅರ್ಧ ಪುಟದ ಬರಹ, ಮೇಲೆ ಅವಳ ಫೋಟೋ. ನಾನು ಪದಕೋಶ ಇಟ್ಟುಕೊಂಡು ನಿಧಾನವಾಗಿ ಓದಿದೆ. ನಾರ್ವೆಯ ಉತ್ತರದ ಒಂದು ಸಣ್ಣ ದ್ವೀಪದಲ್ಲಿ ಹುಟ್ಟಿದವಳು. ಅಲ್ಲಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು. ಮೀನು ಹಿಡಿಯಲು ಹೋದ ಮೊದಲ ಗಂಡ ಮರಳಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಆಮೇಲೆ ಬರೆಯಲು ಕುಳಿತಳು. ಊರಿನ ಎಲ್ಲ ಬಾಗಿಲುಗಳನ್ನೂ ಬಲ್ಲ ಒಬ್ಬ ಅಂಚೆಯವಳು ಕೊಲೆಗಳನ್ನು ಪತ್ತೆ ಹಚ್ಚುವ ಕತೆಗಳು. ನಾರ್ವೆಗಿಂತ ಹೆಚ್ಚಾಗಿ ಜರ್ಮನಿಯಲ್ಲಿ ಓದಿದರಂತೆ. ಅವಳ ಪುಸ್ತಕಗಳನ್ನು ಜರ್ಮನ್‌ಗೆ ಅನುವಾದಿಸುತ್ತಿದ್ದವನನ್ನೇ ಮದುವೆಯಾಗಿ ಅವಳು ಅವನ ಊರಿಗೆ, ಎಂದರೆ ನಮ್ಮ ಊರಿಗೆ ಬಂದಳು. ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಕೊನೆಗೆ ದ್ವೀಪಕ್ಕೆ ಹಿಂದಿರುಗಿದಳು. ಎಲ್ಲವೂ ಸರಿಯಾಗಿದೆ. ಅವಳ ಅತ್ಯುತ್ತಮ ಕೃತಿ 'ಮುಚ್ಚಳ' ಎಂದು ಬರೆದಿದ್ದಾರೆ. ಅದಕ್ಕೆ ಬಹುಮಾನ ಬಂದದ್ದನ್ನೂ ಬರೆದಿದ್ದಾರೆ. ಮುಚ್ಚಳದ ಕಲ್ಪನೆ ಅವಳ ಪ್ರತಿಭೆಗೆ ಸಾಕ್ಷಿ ಎಂದಿದ್ದಾರೆ.

ಕಲ್ಪನೆ ಎಂಬ ಪದಕ್ಕೆ ನಾನು ಪದಕೋಶ ನೋಡಬೇಕಾಗಲಿಲ್ಲ. ಪತ್ರಿಕೆಯನ್ನು ಮಡಚಿ ಒಲೆಯ ಪಕ್ಕ ಇಟ್ಟೆ.

ಬಸವರಾಜರನ್ನು ಇಳಕಲ್ಲಿಗೆ ಒಯ್ದು ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲಿನ ಚಳಿಗಾಲದಲ್ಲಿ ಇದೆಲ್ಲ ಶುರುವಾಯಿತು. ಇಳಕಲ್ಲಿನಲ್ಲೇ ಇದ್ದುಬಿಡು ಎಂದು ಅಣ್ಣ, ಅತ್ತೆ, ಎಲ್ಲರೂ ಹೇಳಿದರು. ಸಹನಾಳ ಶಾಲೆಯ ನೆಪ ಹೇಳಿದೆ. ಅದು ಸುಳ್ಳೇನಲ್ಲ. ಆದರೆ ಒಳಗಿದ್ದ ಮಾತು ಬೇರೆ. ಯಾರು ಹೊಡೆದರು ಎಂದು ತಿಳಿಯುವವರೆಗೆ ನಾನು ಈ ಊರು ಬಿಡುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಪೊಲೀಸ್ ಠಾಣೆಗೆ ನನ್ನನ್ನು ಕರೆದೊಯ್ಯುತ್ತಿದ್ದವನು ಇಮ್ತಿಯಾಜ್. ಬಸವರಾಜರ ಕಾಲೇಜಿನ ಗೆಳೆಯ, ವಿಜಯಪುರದವನು, ಸೇಂಟ್ ಲಿಯೋನ್-ರೋಟ್ ಎಂಬ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಲ್ಲಿ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: ನಿಮ್ಮ ಗಂಡ ಹಳದಿ ಜಾಕೀಟು ತೊಟ್ಟಿದ್ದರೇ? ತೊಟ್ಟಿದ್ದರು. ಸೈಕಲ್ಲಿಗೆ ದೀಪ ಇತ್ತೇ? ಇತ್ತು. ಮುಂದಕ್ಕೊಂದು, ಹಿಂದಕ್ಕೊಂದು. ಸತ್ತವರ ತಪ್ಪು ಮೊದಲು ಹುಡುಕುತ್ತಾರೆ, ಏಕೆಂದರೆ ಅವರು ಓಡಿಹೋಗಿರುವುದಿಲ್ಲ. ನಾನು ಹೀಗೆ ಅಲ್ಲಿ ಹೇಳಲಿಲ್ಲ. ನನ್ನ ಜರ್ಮನ್ ಅಷ್ಟಕ್ಕೆ ಸಾಲುತ್ತಿರಲಿಲ್ಲ.

ಪೊಲೀಸರು ಹಿಂದಕ್ಕೆ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹೆಲ್ಮೆಟ್ಟು, ಬ್ಯಾಗು, ಡಬ್ಬಿ ಇದ್ದವು. ಮುಚ್ಚಳ ಇರಲಿಲ್ಲ.

"ಮುಚ್ಚಳ ಎಲ್ಲೈತಿ ಕೇಳು, ಇಮ್ತಿಯಾಜ್" ಎಂದೆ.

ಅವನು ಕೇಳಿದ. ಅಧಿಕಾರಿ ತನ್ನ ಕಾಗದ ನೋಡಿ, ಅಂಥ ವಸ್ತು ಸ್ಥಳದಲ್ಲಿ ಸಿಕ್ಕಿಲ್ಲ ಎಂದ. ಮುಚ್ಚಳ ಇಲ್ಲದ ಡಬ್ಬಿಯಲ್ಲಿ ಯಾರು ಬುತ್ತಿ ಒಯ್ಯುತ್ತಾರೆ ಎಂದು ಅವನಿಗೆ ಅನಿಸಲೇ ಇಲ್ಲ.

ಕಾರಿನಲ್ಲಿ ಹಿಂದಿರುಗುವಾಗ ಇಮ್ತಿಯಾಜ್ ಹೇಳಿದ: "ವೈನಿ, ನಿಮ್ಮ ಕೆಳಗಿನ ಮನ್ಯಾಕಿ ಯಾರು ಗೊತ್ತೈತೇನು? ಭಾಳ ದೊಡ್ಡ ಕ್ರೈಂ ರೈಟರ್ ಅಂತರಿ. ನಮ್ಮ ಆಫೀಸಿನ್ಯಾಗ ಎಲ್ಲಾರೂ ಓದ್ತಾರ. ಈ ಪೊಲೀಸ್ರಿಗಿಂತ ಆಕಿ ತಲಿ ಚುರುಕ ಇರತೈತಿ ನೋಡ್ರಿ."

ಅವನು ಬೇಸರಕ್ಕೆ ಆಡಿದ ಮಾತು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪಿಯುಸಿವರೆಗೆ ಓದಿದವಳು ನಾನು. ನಮ್ಮ ಮನೆಯಲ್ಲಿ ಪುಸ್ತಕ ಎಂದರೆ ವಚನ, ಪಂಚಾಂಗ, ಮಕ್ಕಳ ಪಾಠ. ಕೊಲೆಯನ್ನು ಪತ್ತೆ ಹಚ್ಚುವ ಪುಸ್ತಕಗಳನ್ನು ಜೀವಮಾನವೆಲ್ಲ ಬರೆದವಳಿಗೆ ಪತ್ತೆ ಹಚ್ಚುವುದು ಗೊತ್ತಿಲ್ಲದೆ ಇರುತ್ತದೆಯೇ? ಅಡುಗೆ ಪುಸ್ತಕ ಬರೆದವರಿಗೆ ಅಡುಗೆ ಬರುವುದಿಲ್ಲವೇ?

ನಾವು ಊರಿಗೆ ಹೋಗಿದ್ದಾಗ ಹಲಗೆ ನಮ್ಮ ಬಾಗಿಲಿಗೆ ಬಂದ ವಾರಗಳಲ್ಲೂ ಮಾರಿಟ್ ತಾನೇ ಮೆಟ್ಟಿಲು ಗುಡಿಸಿದ್ದಳು. ಬಂದ ಮೇಲೂ ಏನೂ ಹೇಳದೆ ಗುಡಿಸಿದಳು. ಒಂದು ದಿನ ಸರಕಾರಿ ವಕೀಲರ ಕಚೇರಿಯಿಂದ ಬಂದ ಕಾಗದ ಹಿಡಿದು ಅವಳ ಬಾಗಿಲು ಬಡಿದೆ. ಎತ್ತರದ ಹೆಂಗಸು, ಬೆಳ್ಳಗೆ ಗಿಡ್ಡ ಕೂದಲು, ಮೊಣಕೈ ಹರಿದ ಉಣ್ಣೆಯ ಸ್ವೆಟರ್. ನಿಂತಲ್ಲೇ ಕಾಗದ ಓದಿದಳು.

"ಹುಡುಕುವುದನ್ನು ನಿಲ್ಲಿಸುತ್ತಿದ್ದಾರೆ, ಫ್ರಾವ್ ಹೊಸೂರ" ಎಂದಳು.

"ಯಾರನ್ನು ಹಿಡಿದರು?"

"ಯಾರನ್ನೂ ಇಲ್ಲ. ಅದಕ್ಕೇ ನಿಲ್ಲಿಸುತ್ತಿದ್ದಾರೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಅವಳು ಎಬ್ಬಿಸಲಿಲ್ಲ. ತಾನೂ ಪಕ್ಕದಲ್ಲಿ ಕುಳಿತಳು. ಆಮೇಲೆ ಕೇಳಿದಳು: "ಅವತ್ತು ಬೆಳಿಗ್ಗೆ ಏನಾಯಿತು? ಮೊದಲಿನಿಂದ ಹೇಳಿ."

ಅಲ್ಲಿಯವರೆಗೆ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಸಂತಾಪ ಹೇಳಿದವರಿದ್ದರು, ಸಮಾಧಾನ ಹೇಳಿದವರಿದ್ದರು. ಮೊದಲಿನಿಂದ ಹೇಳು ಎಂದವಳು ಅವಳೊಬ್ಬಳೇ.

ಆ ಚಳಿಗಾಲವೆಲ್ಲ ನಾನು ಅವಳ ಅಡುಗೆಮನೆಯಲ್ಲಿ ಕುಳಿತು ಹೇಳಿದೆ. ನನಗೆ ಆಗ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಆಲೂಗಡ್ಡೆ ಸುಲಿದು ಬೆರಳು ಸೆಟೆದು ಮನೆಗೆ ಬಂದರೆ ಅವಳು ಕಾಫಿ ಇಟ್ಟಿರುತ್ತಿದ್ದಳು. ನನ್ನ ಜರ್ಮನ್ ಕುಂಟು, ಅವಳದು ನಾರ್ವೆಯ ಏರಿಳಿತದ ಜರ್ಮನ್. ಇಬ್ಬರೂ ನಿಧಾನವಾಗಿ ಆಡುತ್ತಿದ್ದೆವು. ಕೆಲವು ದಿನಗಳಲ್ಲೇ ಅವಳು ನನ್ನನ್ನು 'ಫ್ರಾವ್ ಹೊಸೂರ', ಎಂದರೆ ಶ್ರೀಮತಿ ಹೊಸೂರ, ಎನ್ನುವುದನ್ನು ಬಿಟ್ಟು 'ಮಹಾದೇವಿ' ಎಂದಳು, ನೀನು ಎಂದಳು. ಸಹನಾ ಶಾಲೆ ಮುಗಿಸಿ ನೇರ ಅಲ್ಲಿಗೇ ಬಂದು, ಕಿಟಕಿಯ ಹತ್ತಿರ ಹೋಂವರ್ಕ್ ಹರಡಿಕೊಂಡು ಕೂರುತ್ತಿದ್ದಳು.

ಮಾರಿಟ್ ಕೇಳುತ್ತಿದ್ದ ಪ್ರಶ್ನೆಗಳು ಪೊಲೀಸರ ಹಾಗಿರಲಿಲ್ಲ. ಡಬ್ಬಿ ಬ್ಯಾಗಿನ ಯಾವ ಖಾನೆಯಲ್ಲಿ ಇರುತ್ತಿತ್ತು? ಮುಚ್ಚಳ ಸಡಿಲ ಎಂದೆಯಲ್ಲ, ಎಷ್ಟು ಸಡಿಲ? ಅವರು ರಸ್ತೆ ದಾಟುವ ಮೊದಲು ಕಾಲು ಕೆಳಗಿಡುತ್ತಿದ್ದರೇ? ಗಂಟೆ ಬಾರಿಸುತ್ತಿದ್ದರೇ? ಒಂದು ದಿನ ಡಬ್ಬಿಯನ್ನೇ ತರಿಸಿ, ಬೆಳಕಿಗೆ ಹಿಡಿದು ಅಂಚನ್ನು ಬೆರಳಿನಿಂದ ಸವರಿದಳು. ಮುಚ್ಚಳದ ಮೇಲಿನ ಅಕ್ಷರಗಳನ್ನು ಕಾಗದದ ಮೇಲೆ ಬರೆದು ತೋರಿಸು ಎಂದಳು. ಬರೆದೆ. ಅವಳು ಬಹಳ ಹೊತ್ತು ನೋಡಿದಳು.

"ಇದನ್ನು ಈ ಊರಿನಲ್ಲಿ ಬೇರೆ ಯಾರೂ ಓದಲಾರರು" ಎಂದಳು.

"ನಾನು, ಇಮ್ತಿಯಾಜ್. ಅಷ್ಟೇ."

"ಸಹನಾ?"

ಸಹನಾ ತಲೆ ಎತ್ತಲಿಲ್ಲ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.

"ಹಾಗಾದರೆ ಈ ಮುಚ್ಚಳ ಎಲ್ಲಿ ಸಿಕ್ಕರೂ ಅದು ಅವನದೇ" ಎಂದಳು ಮಾರಿಟ್. ನೋಡು, ಎಂದುಕೊಂಡೆ. ಪೊಲೀಸರಿಗೆ ಹೊಳೆಯದ್ದು ಇವಳಿಗೆ ಹೊಳೆಯಿತು. ಮುಚ್ಚಳ ಹಾರಿ ಆ ಕಾರಿನಲ್ಲೆಲ್ಲೋ ಸಿಕ್ಕಿಕೊಂಡಿದೆ. ಅದನ್ನು ಹುಡುಕಿದರೆ ಆಯಿತು.

ಜನವರಿಯಲ್ಲಿ ನಾವಿಬ್ಬರೂ ಆ ರಸ್ತೆ ದಾಟುವ ಜಾಗಕ್ಕೆ ಹೋದೆವು. ಅವಳು ಮೊಣಕಾಲ ತನಕದ ರಬ್ಬರ್ ಬೂಟು ಹಾಕಿ, ತೋಟದ ಕುಂಟೆ ಹಿಡಿದು ರಸ್ತೆ ಪಕ್ಕದ ಕಾಲುವೆಗೆ ಇಳಿದಳು. ಹಿಮ ಕರಗಿ ಕಪ್ಪು ನೀರು ನಿಂತಿತ್ತು. ಕೊಳೆತ ಎಲೆಗಳನ್ನು ಎಳೆದೆಳೆದು ಹಾಕಿದಳು. ಬಾಟಲಿ ಸಿಕ್ಕವು, ಕಾರಿನ ಚಕ್ರದ ಪ್ಲಾಸ್ಟಿಕ್ ತಟ್ಟೆ ಸಿಕ್ಕಿತು. ಸ್ಟೀಲು ಮಿನುಗಿದಂತಾದಾಗಲೆಲ್ಲ ನಾನು ಮಂಡಿಯೂರಿ ಕೈ ಹಾಕಿದೆ. ಆಮೇಲೆ ಅವಳು ರಸ್ತೆಯ ಈ ಬದಿಯಿಂದ ಆ ಬದಿಗೆ ಹೆಜ್ಜೆ ಹಾಕಿ ಅಳೆದಳು. ಎದುರಿನ ತಿರುವಿನಲ್ಲಿ ನಿಂತು, ಕಾರು ಓಡಿಸುವವರಿಗೆ ಏನು ಕಾಣುತ್ತದೆ ಎಂದು ಬಹಳ ಹೊತ್ತು ನೋಡಿದಳು. ಮನೆಗೆ ಬಂದು ನಕ್ಷೆ ಬರೆದು ಗೋಡೆಗೆ ಅಂಟಿಸಿದಳು. ಇಮ್ತಿಯಾಜ್‌ಗೆ ಫೋನ್ ಮಾಡಿ ಹೇಳಿದೆ: "ಮಾರಿಟ್ ಹಿಡೀತಾಳ ನೋಡಪ್ಪಾ. ಗ್ವಾಡಿ ತುಂಬ ನಕ್ಷೆ ಹಚ್ಚ್ಯಾಳ."

ಅವನು, "ಆಗ್ಲಿ ವೈನಿ" ಎಂದ. ಅವನಿಗೆ ಗೊತ್ತಾಗಿತ್ತು ಎಂದು ಈಗ ಅನಿಸುತ್ತದೆ. ನನ್ನ ಆಸೆ ಮುರಿಯಲು ಅವನಿಗೆ ಬಾಯಿ ಬರಲಿಲ್ಲ.

ಯುಗಾದಿ ಬಂತು. ಸಾವಾದ ಮನೆ, ವರ್ಷ ತುಂಬುವವರೆಗೆ ಹಬ್ಬ ಇಲ್ಲ. ಬೇವು ಬೆಲ್ಲ ಇಲ್ಲದೆ ಸುಮ್ಮನೆ ಅನ್ನ ಸಾರು ಮಾಡಿ ಮಲಗಿದೆವು. ಅದರ ಹಿಂದೆಯೇ ಈಸ್ಟರ್. ಮಾರಿಟ್ ಒಂದು ಬುಟ್ಟಿ ಕಿತ್ತಳೆ ಹಿಡಿದು ಮೇಲೆ ಬಂದಳು. ಅವರ ದೇಶದಲ್ಲಿ ಈಸ್ಟರ್‌ಗೆ ಎಲ್ಲರೂ ಹಿಮದ ಗುಡ್ಡಗಳ ಮೇಲಿನ ಸಣ್ಣ ಮನೆಗಳಿಗೆ ಹೋಗುತ್ತಾರಂತೆ. ಬಿಸಿಲಿಗೆ ಕುಳಿತು ಕಿತ್ತಳೆ ತಿನ್ನುತ್ತ ಕೊಲೆಯ ಕಾದಂಬರಿ ಓದುತ್ತಾರಂತೆ.

"ಹಬ್ಬಕ್ಕೆ ಕೊಲಿ ಕತಿನಾ?" ಎಂದು ನಾನು ಸಹನಾಳನ್ನು ಕನ್ನಡದಲ್ಲಿ ಕೇಳಿದೆ. ಅವಳು ಜರ್ಮನ್‌ನಲ್ಲಿ ದಾಟಿಸಿದಳು.

ಮಾರಿಟ್ ನಕ್ಕಳು. "ಹೌದು. ಅದಕ್ಕೇ ನಾನು ಪ್ರತಿ ವರ್ಷ ಈಸ್ಟರ್‌ಗೆ ಮೊದಲು ಒಬ್ಬರನ್ನು ಕೊಲ್ಲಲೇಬೇಕು. ಇಲ್ಲದಿದ್ದರೆ ಪ್ರಕಾಶಕರು ನನ್ನನ್ನು ಕೊಲ್ಲುತ್ತಾರೆ."

ನಾವು ಮೂವರೂ ಕಿತ್ತಳೆ ಸುಲಿದೆವು. ನಮ್ಮವರು ಹೋದ ಮೇಲೆ ಮನೆಯಲ್ಲಿ ಅದೇ ಮೊದಲು ಸಹನಾ ಗಟ್ಟಿಯಾಗಿ ನಕ್ಕದ್ದು. ಮಾರಿಟ್ ಆಡಿದ ಮಾತಿನ ಅರ್ಥ ನನ್ನ ಎದುರಿಗೇ ಇತ್ತು. ನಾನು ತೊಳೆ ಬಿಡಿಸುತ್ತಿದ್ದೆ.

ಮರುವರ್ಷದ ಈಸ್ಟರ್‌ಗೆ ಪುಸ್ತಕ ನಾರ್ವೆಯಲ್ಲಿ ಬಂತು. ಆ ವರ್ಷದ ಶರತ್ಕಾಲಕ್ಕೆ ಜರ್ಮನ್‌ನಲ್ಲಿ. ನನಗೆ ಗೊತ್ತಾದದ್ದು ವೃದ್ಧಾಶ್ರಮದಲ್ಲಿ. ಕಿಟಕಿಯ ಬಳಿ ಕೂರುವ ಒಬ್ಬ ಅಜ್ಜಿ ಓದುತ್ತಿದ್ದಳು. ಮುಖಪುಟದ ಮೇಲೆ ಕಪ್ಪು ನೀರು, ನೀರಿನಲ್ಲಿ ಸ್ಟೀಲಿನ ದುಂಡನೆಯ ಮುಚ್ಚಳ, ಅದರ ಮೇಲೆ ಚುಕ್ಕಿ ಚುಕ್ಕಿಯ ಅಕ್ಷರಗಳು. ಸೂಪಿನ ತಟ್ಟೆ ನನ್ನ ಕೈಯಲ್ಲೇ ಉಳಿಯಿತು.

ಅಕ್ಷರ ಕನ್ನಡದ್ದಲ್ಲ, ತಮಿಳು. ಪುಸ್ತಕದಲ್ಲಿ ಸತ್ತವನು ಶ್ರೀಲಂಕಾದ ತಮಿಳಿನವನು, ಉತ್ತರ ನಾರ್ವೆಯ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ದ್ರಾಕ್ಷಿ ತೋಟದ ಜಾಗಕ್ಕೆ ಸಮುದ್ರ ದಂಡೆ. ರೊಟ್ಟಿಯ ಜಾಗಕ್ಕೆ ಅನ್ನ. ಸಹನಾ ಎರಡು ದಿನ ಓದಿ ನನಗೆ ಹೇಳುತ್ತ ಹೋದಳು. ಅವನು ಸೈಕಲ್ ಹತ್ತುತ್ತಾನೆ. ಹಳದಿ ಜಾಕೀಟು ತೊಟ್ಟಿದ್ದಾನೆ. ಹೊರಡುವ ಮೊದಲು ಡಬ್ಬಿಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಾನೆ.

"ಸಾಕು" ಎಂದೆ.

ಹೆಸರು ಬದಲಿಸಿದ್ದಳು, ಊರು ಬದಲಿಸಿದ್ದಳು, ಭಾಷೆ ಬದಲಿಸಿದ್ದಳು. ಆ ಎರಡು ಬಡಿತ ಬದಲಿಸಿರಲಿಲ್ಲ. ಅದನ್ನು ನಾನು ಆ ಅಡುಗೆಮನೆಯಲ್ಲಿ ಅಳುತ್ತ ಹೇಳಿದ್ದೆ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಇನ್ನೊಂದು ಕೈ ಆಗ ಏನು ಮಾಡುತ್ತಿತ್ತು ಎಂದು ನಾನು ನೋಡಿರಲಿಲ್ಲ.

ಪುಸ್ತಕದಲ್ಲಿ ಅಂಚೆಯವಳು ಆ ಮುಚ್ಚಳವನ್ನು ಹುಡುಕುತ್ತಾಳೆ. ಊರಿನ ದೊಡ್ಡ ಮನುಷ್ಯನೊಬ್ಬನ ಕಾರಿನ ಅಡಿಯಲ್ಲಿ ಸಿಕ್ಕಿಕೊಂಡದ್ದು ಗ್ಯಾರೇಜಿನಲ್ಲಿ ಕಳಚಿ ಬೀಳುತ್ತದೆ. ಯಾರೂ ಓದಲಾರದ ಅಕ್ಷರಗಳನ್ನು ಸತ್ತವನ ಹೆಂಡತಿ ಓದುತ್ತಾಳೆ. ಅವನು ಸಿಕ್ಕಿಬೀಳುತ್ತಾನೆ. ಹೆಂಡತಿ ಮುಚ್ಚಳವನ್ನು ಎದೆಗೆ ಒತ್ತಿಕೊಂಡು ಊರಿಗೆ ಹೊರಡುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಆ ನವೆಂಬರಿನಲ್ಲಿ ಬೊಬ್ಲಿಂಗೆನ್‌ನಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವ ಇತ್ತು. ಸುದ್ದಿ ಅಲ್ಲಿಯವರೆಗೂ ಹೋಗಿತ್ತು. ರೇಷ್ಮೆ ಸೀರೆ ಉಟ್ಟ ಒಬ್ಬ ಹೆಂಗಸು ಊಟದ ತಟ್ಟೆ ಹಿಡಿದು ನನ್ನ ಪಕ್ಕ ಬಂದು, "ಏನ ಅನ್ರಿ, ನಿಮ್ಮ ಯಜಮಾನ್ರು ಬುಕ್ಕಿನ್ಯಾಗ ಬಂದಾರಲ್ಲ, ಪುಣ್ಯ ಮಾಡ್ಯಾರ" ಎಂದಳು. ಪುಣ್ಯ. ನಾನು ತಟ್ಟೆ ಇಟ್ಟು ಹೊರಗೆ ಬಂದೆ.

ನಮ್ಮ ಪಕ್ಕದ ಊರಿನ ಪುಸ್ತಕದಂಗಡಿಯಲ್ಲಿ ಮಾರಿಟ್ ತನ್ನ ಕಾದಂಬರಿ ಓದುವ ಕಾರ್ಯಕ್ರಮ ಇದ್ದದ್ದು ಅದರ ಮುಂದಿನ ವಾರ. ಇಮ್ತಿಯಾಜ್ ಬೇಡ ಎಂದ. "ಸುಮ್ನ ಯಾಕ ವೈನಿ, ಸಿಟ್ಟಿನ್ಯಾಗ ಏನರ ಮಾತಾಡ್ತೀರಿ."

"ಮಾತಾಡಾಕ ಹೊಂಟೀನಿ" ಎಂದೆ.

ಮೂವರೂ ಹೋದೆವು. ಅಂಗಡಿ ತುಂಬಿತ್ತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು, ಕೈಯಲ್ಲಿ ಇದೇ ತೋಟಗಳ ವೈನ್. ಮಾರಿಟ್ ಕನ್ನಡಕ ಹಾಕಿಕೊಂಡು ಓದಿದಳು. ಚೆನ್ನಾಗಿ ಓದಿದಳು, ಅದನ್ನು ಅಲ್ಲಗಳೆಯಲಾರೆ. ಕಾಲುವೆಯಲ್ಲಿ ಮಂಡಿಯೂರಿ ಕೈ ಹಾಕುವ ಹೆಂಗಸಿನ ಭಾಗ ಬಂದಾಗ ನನ್ನ ಮುಂದೆ ಕುಳಿತಿದ್ದಾಕೆ ಕಣ್ಣೊರೆಸಿಕೊಂಡಳು. ನನ್ನ ಮಂಡಿಗೆ ಕಣ್ಣೀರು ಹಾಕುತ್ತಿದ್ದಾಳೆ, ನಾನು ಹಿಂದೆ ಕುಳಿತದ್ದು ಅವಳಿಗೆ ಗೊತ್ತಿಲ್ಲ.

ಓದು ಮುಗಿದ ಮೇಲೆ ಪ್ರಶ್ನೆಗಳು. ಒಬ್ಬ ಕೇಳಿದ: "ಮುಚ್ಚಳದ ವಿಚಾರ ನಿಮಗೆ ಹೇಗೆ ಹೊಳೆಯಿತು?"

ಮಾರಿಟ್ ನನ್ನನ್ನು ನೋಡಿದಳು. ನಾನು ಬಂದದ್ದನ್ನು ಅವಳು ಮೊದಲೇ ನೋಡಿದ್ದಳು. ಕನ್ನಡಕ ತೆಗೆದು, "ಅದೆಲ್ಲ ಕಲ್ಪನೆ" ಎಂದಳು.

ನಾನು ಎದ್ದು ನಿಂತೆ. ಮನೆಯಲ್ಲಿ ಎಷ್ಟೋ ವಾಕ್ಯ ಕಟ್ಟಿಕೊಂಡು ಹೋಗಿದ್ದೆ, ಯಾವುದೂ ನೆನಪಾಗಲಿಲ್ಲ. ಬಂದದ್ದು ಇಷ್ಟೇ:

"ಮಾರಿಟ್, ಮುಚ್ಚಳ ಎಲ್ಲಿದೆ?"

ಹಿಂದಿನಿಂದ ಯಾರೋ ಕೂಗಿದರು, "ಹೇಳಬೇಡಿ, ಹೇಳಬೇಡಿ, ನಾನಿನ್ನೂ ಕೊನೆಯವರೆಗೆ ಓದಿಲ್ಲ!"

ಎಲ್ಲರೂ ನಕ್ಕರು. ಅಂಗಡಿಗೆ ಅಂಗಡಿಯೇ ನಕ್ಕಿತು. ಕೆಟ್ಟ ನಗೆಯಲ್ಲ, ಹಿತವಾದ ಸಂಜೆಯ ನಗೆ. ನಗದವರು ನಾಲ್ವರು. ನಾನು, ಸಹನಾ, ಇಮ್ತಿಯಾಜ್, ಮಾರಿಟ್.

ಮರುದಿನ ಬೆಳಿಗ್ಗೆ ಅವಳು ಮೇಲೆ ಬಂದಳು. ಸಹನಾ ಶಾಲೆಗೆ ಹೋಗಿದ್ದಳು. ಕೂರು ಎನ್ನಲಿಲ್ಲ ನಾನು. ಅವಳು ಬಾಗಿಲ ಹತ್ತಿರವೇ ನಿಂತಳು.

"ನೀನು ಅವನನ್ನು ಹುಡುಕುತ್ತಿದ್ದೀ ಎಂದುಕೊಂಡಿದ್ದೆ" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೇಳಿದಳು: "ಮಹಾದೇವಿ, ನಾನು ಕತೆ ಬರೆಯುವವಳು. ಅದು ಎಲ್ಲರಿಗೂ ಗೊತ್ತು."

"ಕಾಲುವೆಗೆ ಇಳಿದೆ. ನಕ್ಷೆ ಬರೆದೆ."

"ಕತೆಗೂ ನಕ್ಷೆ ಬೇಕು" ಎಂದಳು. "ಆದರೆ ಕಾಲುವೆಯಲ್ಲಿ ಮುಚ್ಚಳವನ್ನು ನಾನು ನಿಜವಾಗಿಯೂ ಹುಡುಕಿದೆ."

"ನಿನ್ನೆ ಕಲ್ಪನೆ ಎಂದೆ."

"ನಿನ್ನ ಹೆಸರು ಹೇಳಿದ್ದರೆ ಪತ್ರಿಕೆಯವರು ನಿನ್ನ ಬಾಗಿಲಿಗೆ ಬರುತ್ತಿದ್ದರು."

"ಬರಲಿ! ಬಂದರೆ ಯಾರಾದರೂ ಓದುತ್ತಿದ್ದರು. ಕಾರಿನ ಅಡಿಯಲ್ಲಿ ಮುಚ್ಚಳ ಕಂಡವರು ಯಾರಾದರೂ ಇದ್ದರೆ ಹೇಳುತ್ತಿದ್ದರು. ನೀನು ನಾರ್ವೆ ಎಂದು ಬರೆದೆ. ತಮಿಳು ಎಂದು ಬರೆದೆ. ಇಷ್ಟು ಜನ ಓದುತ್ತಿದ್ದಾರೆ, ಎಲ್ಲರೂ ತಪ್ಪು ಊರಿನಲ್ಲಿ ಹುಡುಕುತ್ತಿದ್ದಾರೆ!"

ಅಷ್ಟು ಉದ್ದದ ಜರ್ಮನ್ ನಾನು ಮೊದಲು ಆಡಿರಲಿಲ್ಲ, ಆಮೇಲೂ ಆಡಿಲ್ಲ. ಅವಳು ಗೋಡೆಗೆ ಒರಗಿದಳು. ಇದು ಅವಳಿಗೆ ಹೊಳೆದಿರಲಿಲ್ಲ, ಮುಖದಲ್ಲಿ ಕಾಣಿಸಿತು. ಜೀವಮಾನವೆಲ್ಲ ಪತ್ತೇದಾರಿ ಬರೆದವಳಿಗೆ ಇಷ್ಟು ಹೊಳೆದಿರಲಿಲ್ಲ.

"ನನ್ನ ಗಂಡ ಸಮುದ್ರದಲ್ಲಿ ಸಿಗಲಿಲ್ಲ" ಎಂದಳು ಕೊನೆಗೆ. "ಅದಕ್ಕೇ ನನ್ನ ಪ್ರತಿ ಪುಸ್ತಕದಲ್ಲಿ ಯಾರಾದರೂ ಸಿಗುತ್ತಾರೆ."

"ಅದರಿಂದ ನಿನಗೆ ಏನಾಯಿತು?"

"ಏನೂ ಆಗಲಿಲ್ಲ."

"ಮತ್ತೆ ನನ್ನ ಕತೆಯಲ್ಲಿ ಅವನನ್ನು ಯಾಕೆ ಹಿಡಿದೆ?"

ಅವಳು ನೆಲ ನೋಡಿದಳು. "ಮೊದಲು ಬರೆದಾಗ ಹಿಡಿದಿರಲಿಲ್ಲ. ಸಹನಾ ಕೇಳಿದಳು."

ಆ ಮಧ್ಯಾಹ್ನ ಸಹನಾ ಬ್ಯಾಗ್ ಇಳಿಸುವ ಮೊದಲೇ ಕೇಳಿದೆ. ಅವಳು ಅಲ್ಲಗಳೆಯಲಿಲ್ಲ. ನಾನು ಕೆಲಸದಲ್ಲಿದ್ದಾಗ ಮಾರಿಟ್ ಬರೆದದ್ದನ್ನು ಅವಳಿಗೆ ಹೇಳುತ್ತಿದ್ದಳಂತೆ. ಮುಚ್ಚಳ ಸಿಗದೆ ಕತೆ ಮುಗಿಯುತ್ತಿತ್ತಂತೆ.

"ಪುಸ್ತಕದಾಗರ ಹಿಡೀರಿ ಅಂತ ನಾನೇ ಅಂದೆ" ಎಂದಳು. ಆಮೇಲೆ ಜರ್ಮನ್‌ಗೆ ಹೊರಳಿದಳು. ಮನಸ್ಸಿನ ಮಾತು ಅವಳಿಗೆ ಆ ಭಾಷೆಯಲ್ಲೇ ಬರುತ್ತದೆ. "ಯಾರಾದರೂ ಅವನನ್ನು ಹಿಡಿಯಲೇಬೇಕಿತ್ತಲ್ಲ. ಪ್ರತಿ ಭಾನುವಾರ ನೀನು ಆ ಕಾಲುವೆಗೆ ಹೋಗುತ್ತೀ. ನಾನು ಕಿಟಕಿಯಲ್ಲಿ ನಿಂತು ಕಾಯುತ್ತೇನೆ. ಅದೇ ರಸ್ತೆ, ಅದೇ ಮಂಜು. ಒಂದು ದಿನ ನೀನೂ ಬರದಿದ್ದರೆ? ಕತೆ ಮುಗಿದರೆ ನೀನು ಹೋಗುವುದನ್ನು ಬಿಡುತ್ತೀ ಅಂದುಕೊಂಡೆ."

ಅವಳ ಮೇಲೆ ಕೂಗಲು ಬಾಯಿ ತೆರೆದೆ. ಕೂಗದೆ ಹೋಗಿ ತಟ್ಟೆಗೆ ಅನ್ನ ಬಡಿಸಿದೆ. ಸಿಟ್ಟು ಇಳಿಯಿತು ಎಂದಲ್ಲ. ಆ ಸಿಟ್ಟನ್ನು ಯಾರ ಮೇಲೆ ಇಡಬೇಕೋ ಅವರ ಮುಖ ನನಗೆ ಗೊತ್ತಿಲ್ಲ. ಗೊತ್ತಿದ್ದವರ ಮೇಲೆಯೇ ಅದು ಹೋಗಿ ಕೂರುತ್ತಿತ್ತು. ಮಗಳ ಮೇಲೆ ಅದನ್ನು ಕೂರಿಸಲು ನಾನು ಒಪ್ಪಲಿಲ್ಲ.

ಮಾರಿಟ್ ಜೊತೆ ಆಮೇಲೆ ನಾನು ಮಾತಾಡಲಿಲ್ಲ. ಹಲಗೆ ಅವಳ ಬಾಗಿಲಿಂದ ನನ್ನ ಬಾಗಿಲಿಗೆ, ನನ್ನ ಬಾಗಿಲಿಂದ ಅವಳ ಬಾಗಿಲಿಗೆ ಹೋಗಿ ಬರುತ್ತಿತ್ತು, ಅಷ್ಟೇ. ಅವಳು ದ್ವೀಪಕ್ಕೆ ಹೊರಟ ದಿನ ಗುಡಿಸುವ ಪಾಳಿ ನಮ್ಮದಿತ್ತು. ಕೆಲಸದಿಂದ ಬಂದು ನೋಡಿದರೆ ಮೆಟ್ಟಿಲು ಮೇಲಿನಿಂದ ಕೆಳಗಿನವರೆಗೆ ಒರೆಸಿ ಇನ್ನೂ ಒದ್ದೆಯಾಗಿತ್ತು. ಅವಳ ಬಾಗಿಲಿಗೆ ಬೀಗ. ಒದ್ದೆ ಮೆಟ್ಟಿಲ ಮೇಲೆ ನನ್ನ ಚಪ್ಪಲಿ ಗುರುತು ಮೂಡಿಸುತ್ತಲೇ ಹತ್ತಿ ಬಂದೆ. ಬೇಕೆಂದೇ ಹಾಗೆ ಮಾಡಿದೆ.

ಸುದ್ದಿ ಓದಿ ಸಹನಾ ಅತ್ತಳು. ಈ ವರ್ಷ ಅವಳ ಶಾಲೆ ಮುಗಿಯುತ್ತದೆ. 'ಮುಚ್ಚಳ' ಅವಳ ಕಪಾಟಿನಲ್ಲಿದೆ, ಬೆನ್ನು ಸವೆದಿದೆ. ಅವಳು ಅದನ್ನು ಓದುವುದನ್ನು ನಾನು ಬೇಡ ಎನ್ನುವುದಿಲ್ಲ. ಇಮ್ತಿಯಾಜ್ ಈಗಲೂ ಫೋನಿನಲ್ಲಿ ಹೇಳುತ್ತಾನೆ, "ಆ ಊರು ಬಿಡ್ರಿ ವೈನಿ, ನಮ್ಮ ಕಡೆ ಮನಿ ನೋಡ್ತೀನಿ." ನೋಡಪ್ಪಾ ಎನ್ನುತ್ತೇನೆ. ಹೋಗುವುದಿಲ್ಲ. ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ನಿಂತವರೇ ಆ ಕಾರು ಓಡಿಸಿದವರು ಇರಬಹುದು. ವೃದ್ಧಾಶ್ರಮದಲ್ಲಿ ನಾನು ಸೂಪು ಬಡಿಸುವವರ ಮಗನೋ ಮಗಳೋ ಇರಬಹುದು. ನನಗೆ ದಿನವೂ ಗುಟೆನ್ ಮೋರ್ಗೆನ್ ಎಂದು ಬೆಳಗಿನ ನಮಸ್ಕಾರ ಹೇಳುತ್ತಿರಬಹುದು.

ಪಂಚಾಯತಿಯವರು ವರ್ಷಕ್ಕೊಮ್ಮೆ ಆ ಕಾಲುವೆಯ ಹೂಳು ತೆಗೆಸುತ್ತಾರೆ. ದಡದ ಮೇಲೆ ಹಾಕಿದ ಕೆಸರು ಒಣಗುವವರೆಗೆ ನಾನು ಹೋಗಿ ನೋಡಿ ಬರುತ್ತೇನೆ. ಈಗ ಸಹನಾಳೂ ಜೊತೆಗೆ ಬರುತ್ತಾಳೆ. ಕಾಲುವೆಗೆ ಇಳಿಯುವುದಿಲ್ಲ. ಸೈಕಲ್ ಹಿಡಿದು ರಸ್ತೆಯ ತಿರುವಿನ ಕಡೆ ಮುಖ ಮಾಡಿ ನಿಂತಿರುತ್ತಾಳೆ, ಕಾರು ಬಂದರೆ ಕೂಗಿ ಹೇಳಲು.

ಡಬ್ಬಿ ಅಡುಗೆಮನೆಯ ಹಲಗೆಯ ಮೇಲಿದೆ. ತಿಂಗಳಿಗೊಮ್ಮೆ ತೊಳೆದು ಒರೆಸಿ ಇಡುತ್ತೇನೆ. ಅದಕ್ಕೆ ಮುಚ್ಚಳ ಇಲ್ಲ.